ಬೈಬಲಿನ ದೇವರು ಮತ್ತು ಅಷ್ಟಾದಶ ದೋಷಗಳು

ಶಿರಸಿಯಿಂದ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಸೋಂದೆಯ ಪರಿಸರದಲ್ಲಿ ಮೂರು ಮಠಗಳಿವೆ. ಒಂದು ವಾದಿರಾಜರ ವೃಂದಾವನವಿರುವ ದ್ವೈತಮಠ, ಇನ್ನೊಂದು ಅದ್ವೈತ ಪರಂಪರೆಯ ಸ್ವರ್ಣವಲ್ಲಿ, ಮತ್ತೊಂದು ಭಟ್ಟಾಕಳಂಕ ಎಂಬ ಅಭಿಧಾನವನ್ನು ಹೊತ್ತ ಭಟ್ಟಾರಕರ ಸ್ವಾದಿ ಜೈನಮಠ. ದೇವರೆಂದರೆ ಯಾರು ಎಂಬ ಪ್ರಶ್ನೆಗೆ ಈ ಮೂರೂ ಪರಂಪರೆಗಳು ಕೊಡುವ ಉತ್ತರಗಳು ಪರಸ್ಪರ ಹೊಂದುವುದಿಲ್ಲ. ವಾದಿರಾಜರ ‘ಯುಕ್ತಿಮಲ್ಲಿಕೆ’ಯ ಮೊದಲ ಭಾಗವಾದ ಗುಣಸೌರಭವು ವಿಷ್ಣುವು ಗುಣಪೂರ್ಣನೆಂದು ಸಾಧಿಸುತ್ತದೆ. ಅದ್ವೈತಿಗಳಿಗೆ ಪರಮಾರ್ಥದಲ್ಲಿ ಬ್ರಹ್ಮವು ನಿರ್ಗುಣ. ನಮಗೆ ಸೃಷ್ಟಿಕರ್ತನೇ ಇಲ್ಲ; ಕರ್ಮಕ್ಷಯದಿಂದ ವೀತರಾಗನಾದ ಆತ್ಮನೇ ಪರಮಾತ್ಮ. ಆದರೂ ಒಂದು ಮಾತಿನಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ. ಪೂಜ್ಯನಾದವನು ನಿರ್ದೋಷನಾಗಿರಬೇಕು. ಮನುಷ್ಯನ ಕೋಪ, ಅಸೂಯೆ, ಪಕ್ಷಪಾತಗಳು ಅವನಲ್ಲಿದ್ದರೆ ಅವನು ಮನುಷ್ಯನಿಗೆ ಶರಣಾಗತಿಯ ಸ್ಥಾನವಾಗಲಾರ.

ಇದೇ ಅಳತೆಗೋಲನ್ನು ಬೈಬಲಿಗೆ ಹಿಡಿದರೆ ಏನಾಗುತ್ತದೆ? ಪ್ರಶ್ನೆ ಹೊಸದಲ್ಲ. ಆದರೆ ಈಗ ಅದನ್ನು ಕೇಳುವ ರೀತಿ ಬದಲಾಗಿದೆ. ಪರಧರ್ಮದ ಗ್ರಂಥದಿಂದ ನಾಲ್ಕು ವಾಕ್ಯಗಳನ್ನು ಕಿತ್ತು, ಪಟ್ಟಿಮಾಡಿ, ಅದನ್ನು ಓದಿಯೇ ಇಲ್ಲದವರ ನಡುವೆ ಹಂಚುವುದು ಇಂದು ಪಾಂಡಿತ್ಯವೆನಿಸಿಕೊಂಡಿದೆ. ಅಂಥ ಪಟ್ಟಿಗೆ ಇನ್ನೊಂದನ್ನು ಸೇರಿಸುವುದು ನನ್ನ ಉದ್ದೇಶವಲ್ಲ. ದೋಷಗಳಿಲ್ಲವೆಂದು ಸೌಜನ್ಯಕ್ಕಾಗಿ ಹೇಳುವುದೂ ನನ್ನಿಂದಾಗದು. ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಮಾಡಿದರೆ ಅದು ಪರೀಕ್ಷಕನ ಮನೆಯ ಬಾಗಿಲಿಗೂ ಬರುತ್ತದೆ ಎಂಬುದನ್ನು ತೋರಿಸುವುದಷ್ಟೇ ಈ ಬರಹದ ಗುರಿ.

ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’ಯು ಒಂದು ದಿಟ್ಟ ನಿಲುವಿನಿಂದ ಆರಂಭವಾಗುತ್ತದೆ. ದೇವತೆಗಳು ಬಂದು ಸೇವಿಸುವುದು, ಆಕಾಶಗಮನ, ಚಾಮರಾದಿ ವೈಭವ ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುತ್ತವೆ. ಇವುಗಳಿಂದ ಜಿನನು ತಮಗೆ ಮಹಾನ್ ಅಲ್ಲ ಎಂದು ಆಚಾರ್ಯರು ಜಿನನನ್ನು ಉದ್ದೇಶಿಸಿಯೇ ಹೇಳುತ್ತಾರೆ. ದೋಷಗಳು ನಿಶ್ಶೇಷವಾಗಿ ಹೋಗಿವೆಯೇ, ವಚನವು ಯುಕ್ತಿಗೆ ವಿರೋಧವಿಲ್ಲದೆ ನಿಲ್ಲುತ್ತದೆಯೇ ಎಂಬುವೇ ಅವರ ಎರಡು ಕೇಳ್ವಿಗಳು. ‘ರತ್ನಕರಂಡಕ ಶ್ರಾವಕಾಚಾರ’ದ ಪರಂಪರೆಯಲ್ಲಿ ಆ ದೋಷಗಳನ್ನು 18 ಎಂದು ಎಣಿಸಿದ್ದಾರೆ. ಹಸಿವು, ಬಾಯಾರಿಕೆ, ಮುಪ್ಪು, ರೋಗ, ಜನನ, ಮರಣ, ಭಯ, ಮದ, ರಾಗ, ದ್ವೇಷ, ಮೋಹ, ಚಿಂತೆ, ಅರತಿ, ನಿದ್ರೆ, ವಿಸ್ಮಯ, ವಿಷಾದ, ಸ್ವೇದ, ಖೇದ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಳೆಯ ಒಡಂಬಡಿಕೆಯನ್ನು ತೆರೆಯೋಣ.

ಆದಿಕಾಂಡದಲ್ಲಿ ದೇವರು ಆರು ದಿನ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸುತ್ತಾನೆ. ತೋಟದಲ್ಲಿ ತಂಗಾಳಿಯ ವೇಳೆ ಸಂಚರಿಸುತ್ತಾ, ಮರಗಳ ಮರೆಯಲ್ಲಿ ಅಡಗಿದ ಆದಾಮನನ್ನು ಎಲ್ಲಿದ್ದೀಯೆಂದು ಕೇಳುತ್ತಾನೆ. ಮನುಷ್ಯರ ದುಷ್ಟತನವನ್ನು ಕಂಡು, ಅವರನ್ನು ಸೃಷ್ಟಿಸಿದ್ದಕ್ಕೆ ಪಶ್ಚಾತ್ತಾಪಪಟ್ಟು, ಪ್ರಾಣಿಪಕ್ಷಿಗಳ ಸಮೇತ ಜಲಪ್ರಳಯದಲ್ಲಿ ಮುಳುಗಿಸುತ್ತಾನೆ. ಅಬ್ರಹಾಮನ ಗುಡಾರದ ಮುಂದೆ ಕರುವಿನ ಮಾಂಸ, ಬೆಣ್ಣೆ, ಹಾಲುಗಳ ಊಟ ನಡೆಯುತ್ತದೆ. ಬಳಿಕ ಸೊದೋಮ್ ಪಟ್ಟಣವನ್ನು ಉಳಿಸಲು ಎಷ್ಟು ಮಂದಿ ನೀತಿವಂತರಿರಬೇಕೆಂಬ ಚೌಕಾಶಿ 50ರಿಂದ ಮೊದಲಾಗಿ 10ಕ್ಕೆ ಇಳಿಯುತ್ತದೆ. ವಿಮೋಚನಕಾಂಡದ ದಶಾಜ್ಞೆಗಳಲ್ಲಿ ಆತನೇ ತನ್ನನ್ನು ಅಸೂಯೆಯುಳ್ಳ ದೇವರೆಂದು ಕರೆದುಕೊಳ್ಳುತ್ತಾನೆ. ತಂದೆಗಳ ಅಪರಾಧಕ್ಕೆ ಮೂರು ನಾಲ್ಕು ತಲೆಮಾರಿನವರೆಗೆ ಮಕ್ಕಳನ್ನು ದಂಡಿಸುವೆನೆನ್ನುತ್ತಾನೆ. ಚಿನ್ನದ ಕರುವಿನ ಪ್ರಸಂಗದಲ್ಲಿ ಕೋಪಗೊಂಡ ದೇವರನ್ನು ಮೋಶೆಯೇ ಸಮಾಧಾನಪಡಿಸಬೇಕಾಗುತ್ತದೆ. ಐಗುಪ್ತದ ಜನರು ಏನೆಂದಾರು ಎಂಬುದು ಅವನ ವಾದಗಳಲ್ಲೊಂದು. ಲೋಕಾಪವಾದದ ಮಾತನ್ನು ಮುಂದಿಟ್ಟು ದೇವರ ಮನಸ್ಸನ್ನು ತಿರುಗಿಸುವ ದೃಶ್ಯವಿದು.

ಇವುಗಳಲ್ಲಿ ಬಹಳಷ್ಟನ್ನು ಕಥನದ ರೂಢಿಯೆಂದು ಬದಿಗಿಡಬಹುದು. ನಮ್ಮಲ್ಲಿಯೂ ಸಮವಸರಣದ ವರ್ಣನೆಯನ್ನು ಅಕ್ಷರಶಃ ಅಳೆಯುವವರು ಕಡಿಮೆ. ಆದರೆ ಬದಿಗಿಡಲಾಗದ ಒಂದು ಅಧ್ಯಾಯವಿದೆ. ಅದು ಸಮುವೇಲನ ಮೊದಲ ಗ್ರಂಥದ 15ನೆಯ ಅಧ್ಯಾಯ. ಅಮಾಲೇಕ್ಯರನ್ನು ಗಂಡಸು, ಹೆಂಗಸು, ಮಗು, ಮೊಲೆಗೂಸುಗಳೆಂಬ ಭೇದವಿಲ್ಲದೆ, ದನ ಕುರಿ ಒಂಟೆ ಕತ್ತೆಗಳ ಸಹಿತ ನಿರ್ನಾಮ ಮಾಡಬೇಕೆಂದು ಅರಸ ಸೌಲನಿಗೆ ದೇವರ ಆಜ್ಞೆ. ಕಾರಣ, ಅವರ ಪೂರ್ವಜರು ಐಗುಪ್ತದಿಂದ ಬರುತ್ತಿದ್ದ ಇಸ್ರಾಯೇಲ್ಯರ ಮೇಲೆ ಬಿದ್ದಿದ್ದರು. ಸೌಲನು ಜನರನ್ನು ಕೊಂದ. ಅರಸ ಅಗಾಗನನ್ನೂ ಒಳ್ಳೆಯ ದನಕುರಿಗಳನ್ನೂ ಉಳಿಸಿಕೊಂಡ. ಅವನು ರಾಜ್ಯ ಕಳೆದುಕೊಂಡದ್ದು ಕೊಂದದ್ದಕ್ಕಲ್ಲ, ಪೂರ್ತಿ ಕೊಲ್ಲದೆ ಹೋದದ್ದಕ್ಕೆ.

ಈ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. 11ನೆಯ ವಚನದಲ್ಲಿ, ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಡುತ್ತೇನೆಂದು ದೇವರು ಹೇಳುತ್ತಾನೆ. 29ನೆಯ ವಚನದಲ್ಲಿ, ಪಶ್ಚಾತ್ತಾಪಪಡಲು ಆತನು ಮನುಷ್ಯನಲ್ಲ ಎಂದು ಸಮುವೇಲನು ಹೇಳುತ್ತಾನೆ. 35ನೆಯ ವಚನದಲ್ಲಿ, ದೇವರು ಪಶ್ಚಾತ್ತಾಪಪಟ್ಟನೆಂದು ಕಥನಕಾರನೇ ಹೇಳಿ ಅಧ್ಯಾಯವನ್ನು ಮುಗಿಸುತ್ತಾನೆ. ಮೂಲ ಹೀಬ್ರೂವಿನಲ್ಲಿ ಮೂರೂ ಕಡೆ ಇರುವುದು ಒಂದೇ ಧಾತು. 1604ರಲ್ಲಿ 592 ಸೂತ್ರಗಳಲ್ಲಿ ಕನ್ನಡವನ್ನು ಅಳೆದ ‘ಶಬ್ದಾನುಶಾಸನ’ದ ಭಟ್ಟಾಕಳಂಕನಂಥ ವೈಯಾಕರಣನು ಇದನ್ನು ಓದಿದ್ದರೆ ಇಲ್ಲಿ ನಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. ಒಂದೇ ಅಧ್ಯಾಯದಲ್ಲಿ ಒಂದೇ ಶಬ್ದದ ವಿಧಿಯೂ ನಿಷೇಧವೂ ಇರುವಾಗ, ಬರೆದವರಿಗೇ ಈ ದೇವರ ಚಿತ್ರ ತೊಡಕಾಗಿತ್ತು ಎಂದು ತಿಳಿಯುವುದು ನ್ಯಾಯ. ದೋಷವನ್ನು ಹೊರಗಿನವನು ಕಂಡುಹಿಡಿಯಬೇಕಾದ ಅಗತ್ಯವಿಲ್ಲ. ಗ್ರಂಥವೇ ಅದನ್ನು ಕಂಡಿದೆ.

ಕಂಡದ್ದಷ್ಟೇ ಅಲ್ಲ, ತಿದ್ದಿಕೊಂಡೂ ಇದೆ. ತಂದೆಯ ಪಾಪಕ್ಕೆ ಮಗ ಹೊಣೆಯಲ್ಲ, ಪಾಪ ಮಾಡಿದವನೇ ಫಲ ಉಣ್ಣುವನು ಎಂದು ಯೆಹೆಜ್ಕೇಲನ 18ನೆಯ ಅಧ್ಯಾಯವು ದಶಾಜ್ಞೆಯ ಮಾತನ್ನು ಬಹುಮಟ್ಟಿಗೆ ತಿರುಗಿಸಿಬಿಡುತ್ತದೆ. ಬಲಿಗಿಂತ ಕರುಣೆಯೇ ದೇವರಿಗೆ ಇಷ್ಟವೆಂದು ಹೋಶೇಯನು ಸಾರುತ್ತಾನೆ. ಆಯಾಸದಿಂದ ವಿಶ್ರಮಿಸಿದನೆಂಬಂತೆ ತೋರುವ ದೇವರು ದಣಿಯುವವನಲ್ಲವೆಂದು ಯೆಶಾಯನು ಸ್ಪಷ್ಟಪಡಿಸುತ್ತಾನೆ. ಯೋನನ ಕಥೆಯ ಕೊನೆಯಲ್ಲಿ ದೇವರು ಶತ್ರುಪಟ್ಟಣವಾದ ನಿನೆವೆಯ 1,20,000ಕ್ಕೂ ಹೆಚ್ಚು ಜನರ ಮೇಲೆ ಮಾತ್ರವಲ್ಲ, ಅಲ್ಲಿನ ಬಹುಸಂಖ್ಯೆಯ ದನಗಳ ಮೇಲೂ ಕನಿಕರ ತೋರುತ್ತಾನೆ. ಅಮಾಲೇಕ್ಯರ ದನಗಳನ್ನು ಕೊಲ್ಲಿಸಿದ ದೇವರಿಗೂ ನಿನೆವೆಯ ದನಗಳಿಗಾಗಿ ಮರುಗಿದ ದೇವರಿಗೂ ನಡುವೆ ಬದಲಾದದ್ದು ದೇವರೋ, ಆತನನ್ನು ಕಂಡ ಕಣ್ಣೋ? ಎರಡನೆಯದೆಂದೇ ನನ್ನ ಅಭಿಪ್ರಾಯ.

ನಮ್ಮ ಸೀಮೆಯವರಿಗೆ ಇದು ಅರ್ಥವಾಗದ ಸಂಗತಿಯಲ್ಲ. 1209ರಲ್ಲಿ ಜನ್ನನು ‘ಯಶೋಧರ ಚರಿತೆ’ಯನ್ನು ಬರೆದಾಗ ಚಂಡಮಾರಿಯ ಬಲಿಪೀಠವೇ ಅವನ ಕಥೆಯ ರಂಗಸ್ಥಳವಾಯಿತು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೂ ಜನ್ಮಜನ್ಮಾಂತರಗಳ ದುಃಖಕ್ಕೆ ಬೀಜವಾಗುತ್ತದೆಂಬುದು ಆ ಕಾವ್ಯದ ತಾತ್ಪರ್ಯ. ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಕೋಣನ ಬಲಿ ನಡೆಯುತ್ತಿದ್ದುದನ್ನೂ, 1934ರಲ್ಲಿ ಗಾಂಧೀಜಿಯವರು ಶಿರಸಿಗೆ ಬಂದ ಸಂದರ್ಭದಲ್ಲಿ ಆ ಬಲಿಯ ಪ್ರಶ್ನೆ ಮುನ್ನೆಲೆಗೆ ಬಂದು ಅದು ನಿಂತುದನ್ನೂ ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಬಲಿ ನಿಂತಮೇಲೆ ದೇವಿಯ ಮಹಿಮೆ ಕುಂದಲಿಲ್ಲ; ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಜನಸಾಗರವೇ ಸೇರುತ್ತದೆ. ರಕ್ತ ಬೇಕೆಂದದ್ದು ದೇವಿಯಲ್ಲ, ಜನರ ಭಯ. ಆ ಭಯ ಹೋದಾಗ ದೇವಿಯ ಚಿತ್ರವೂ ಸೌಮ್ಯವಾಯಿತು. ಹೋಶೇಯನ ಕಾಲದ ಜನರಿಗೂ ಶಿರಸಿಯ ಜನರಿಗೂ ಆದ ಅನುಭವ ಈ ಮಟ್ಟಿಗೆ ಒಂದೇ.

ಕ್ರೈಸ್ತ ಪಂಡಿತರು ಈ ತೊಡಕನ್ನು ಅರಿಯದವರಲ್ಲ. ಯೇಸುವಿನ ಸಮಕಾಲೀನನಾದ ಅಲೆಗ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞ ಫೈಲೋ, ಆದಿಕಾಂಡದ ಪಶ್ಚಾತ್ತಾಪದ ಪ್ರಸಂಗವನ್ನೇ ಎತ್ತಿಕೊಂಡು, ದೇವರು ಅವಿಕಾರಿಯೆಂದು ಸಾಧಿಸಲು ಒಂದು ಗ್ರಂಥವನ್ನೇ ಬರೆದ. ದಾದಿಯು ಕೂಸಿನೊಡನೆ ತೊದಲುವಂತೆ ದೇವರು ಮನುಷ್ಯನ ಮಟ್ಟಕ್ಕೆ ಇಳಿದು ಮಾತಾಡುತ್ತಾನೆಂದು 16ನೆಯ ಶತಮಾನದ ಕ್ಯಾಲ್ವಿನ್ ಸಮಾಧಾನ ಹೇಳಿದ. ತೋಟದಲ್ಲಿ ನಡೆದಾಡುವ ದೇವರಿಗೆ ಈ ಸಮಾಧಾನ ಸಾಕು. ಮೊಲೆಗೂಸನ್ನು ಕೊಲ್ಲೆಂಬ ಆಜ್ಞೆಗೆ ಸಾಲದು. ತೊದಲುನುಡಿಯಲ್ಲಿ ಯಾರೂ ಹತ್ಯೆಯನ್ನು ಕಲಿಸುವುದಿಲ್ಲ. ಎರಡನೆಯ ಶತಮಾನದ ಮಾರ್ಸಿಯನ್ ಬೇರೆ ದಾರಿ ಹಿಡಿದ. ಹಳೆಯ ಗ್ರಂಥದ ಸೃಷ್ಟಿಕರ್ತನು ಕೆಳಗಿನ ದೇವರು, ಯೇಸುವಿನ ತಂದೆಯಾದ ದೇವರು ಬೇರೆ ಎಂದು ವಾದಿಸಿ, ಹಳೆಯ ಗ್ರಂಥಗಳನ್ನೇ ಕೈಬಿಟ್ಟ. ರೋಮಿನ ಸಭೆ 144ರಲ್ಲಿ ಅವನನ್ನು ಹೊರಗಿಟ್ಟಿತು. ಮಾರ್ಸಿಯನ್ನನ ದಾರಿ ಸುಲಭವಾಗಿತ್ತು. ಆದರೂ ಸಭೆ ತನಗೆ ಮುಜುಗರ ತರುವ ಪುಟಗಳನ್ನು ಹರಿದೆಸೆಯದೆ ಉಳಿಸಿಕೊಂಡಿತು. ಈ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಇನ್ನು ಹೊಸ ಒಡಂಬಡಿಕೆ. ಸುವಾರ್ತೆಗಳ ಯೇಸುವು ಹುಟ್ಟುತ್ತಾನೆ, ಸಾಯುತ್ತಾನೆ. ಅಂಜೂರದ ಮರದ ಬಳಿ ಹಸಿದಿರುತ್ತಾನೆ, ಶಿಲುಬೆಯ ಮೇಲೆ ಬಾಯಾರುತ್ತಾನೆ. ದೋಣಿಯಲ್ಲಿ ನಿದ್ರಿಸುತ್ತಾನೆ, ಸಮಾರ್ಯದ ಬಾವಿಯ ಬಳಿ ದಣಿದು ಕೂರುತ್ತಾನೆ. ಲಾಜರನ ಸಮಾಧಿಯ ಬಳಿ ಅಳುತ್ತಾನೆ, ಶತಾಧಿಪತಿಯ ವಿಶ್ವಾಸವನ್ನು ಕಂಡು ಆಶ್ಚರ್ಯಪಡುತ್ತಾನೆ. ಮರಣದ ಹಿಂದಿನ ರಾತ್ರಿ ಅವನ ಬೆವರು ರಕ್ತದ ಹನಿಗಳಂತೆ ಬಿತ್ತೆಂದು ಲೂಕನು ಬರೆಯುತ್ತಾನೆ. ನಮ್ಮ 18ರಲ್ಲಿ ಜನನ, ಮರಣ, ಕ್ಷುಧೆ, ಪಿಪಾಸೆ, ನಿದ್ರೆ, ಖೇದ, ವಿಷಾದ, ವಿಸ್ಮಯ, ಸ್ವೇದ ಎಂಬ ಒಂಬತ್ತು ದೋಷಗಳು ಇಲ್ಲಿ ಮುಚ್ಚುಮರೆಯಿಲ್ಲದೆ ದಾಖಲಾಗಿವೆ. ಆದರೆ ಕ್ರೈಸ್ತರಿಗೆ ಇದು ಸೋರಿಹೋದ ತಪ್ಪಲ್ಲ, ಸಿದ್ಧಾಂತವೇ ಹೌದು. ಯೇಸುವು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಆಗಿದ್ದನೆಂದು 451ರ ಕಾಲ್ಸಿಡನ್ ಮಹಾಸಭೆ ನಿರ್ಣಯಿಸಿತು. ನಾವು ದೋಷವೆನ್ನುವುದನ್ನು ಅವರು ದೇವರ ತಗ್ಗುವಿಕೆ ಎನ್ನುತ್ತಾರೆ.

ಇಲ್ಲಿ ಜೈನ ಓದುಗನು ಅವಸರಪಡಬಾರದು. ಕೇವಲಿಗೆ ಹಸಿವುಂಟೇ, ಅವನು ಆಹಾರ ಸ್ವೀಕರಿಸುತ್ತಾನೆಯೇ ಎಂಬ ವಿವಾದ ನಮ್ಮೊಳಗೇ ಮುಗಿದಿಲ್ಲ. ಇಲ್ಲವೆಂದು ದಿಗಂಬರರು, ಉಂಟೆಂದು ಶ್ವೇತಾಂಬರರು. 9ನೆಯ ಶತಮಾನದ ವೈಯಾಕರಣ ಶಾಕಟಾಯನನು ಯಾಪನೀಯ ಸಂಘದವನು. ಅವನು ಕೇವಲಿಭುಕ್ತಿಯನ್ನು ಸಮರ್ಥಿಸಿ ಪ್ರಕರಣವನ್ನೇ ಬರೆದ. ಬನವಾಸಿಯ ಕದಂಬ ಮೃಗೇಶವರ್ಮನ ದಾನಶಾಸನಗಳಲ್ಲಿ ನಿರ್ಗ್ರಂಥರು, ಯಾಪನೀಯರು, ಕೂರ್ಚಕರು, ಶ್ವೇತಪಟರು ಎಲ್ಲರ ಹೆಸರೂ ಬರುತ್ತದೆ. ಅಂದರೆ ಹಸಿವನ್ನು ದೋಷವೆಂದವರೂ ಅಲ್ಲವೆಂದವರೂ ಒಂದೇ ಅರಸನ ಆಶ್ರಯದಲ್ಲಿದ್ದರು. ಆದ್ದರಿಂದ ಶರೀರಧರ್ಮಗಳನ್ನು ಹಿಡಿದು ಯೇಸುವನ್ನು ಅಳೆಯುವುದರಲ್ಲಿ ಸಾರವಿಲ್ಲ. ತೂಗಬೇಕಾದದ್ದು ರಾಗ, ದ್ವೇಷ, ಮೋಹಗಳನ್ನು. ಆ ತಕ್ಕಡಿಯಲ್ಲಿ, ತನ್ನನ್ನು ಶಿಲುಬೆಗೆ ಹಾಕಿದವರ ಕ್ಷಮೆಗಾಗಿ ಪ್ರಾರ್ಥಿಸಿದವನು ನಮ್ಮ ಉತ್ತಮಕ್ಷಮೆಯ ಆದರ್ಶಕ್ಕೆ ದೂರದವನಲ್ಲ. ಅಮಾಲೇಕ್ಯರ ನಿರ್ನಾಮಕ್ಕೆ ಆಜ್ಞೆಯಿತ್ತ ದೇವರು ಬಹಳ ದೂರ.

19ನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಮಿಶನರಿಗಳು ಪುರಾಣದೇವತೆಗಳ ಕಾಮಕ್ರೋಧಗಳನ್ನು ಎತ್ತಿ ತೋರಿಸಿದರು. ತಮ್ಮ ಗ್ರಂಥಕ್ಕೆ ಅದೇ ಪರೀಕ್ಷೆಯನ್ನು ಅಷ್ಟೇ ಕಟುವಾಗಿ ಒಡ್ಡಲಿಲ್ಲ. ಇದನ್ನು ನೆನಪಿಸಿ ನಗುವ ಮೊದಲು ನಮ್ಮವರನ್ನೂ ನೆನೆಯಬೇಕು. 12ನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’, ಅಮಿತಗತಿಯ ಸಂಸ್ಕೃತ ಕೃತಿಯ ದಾರಿಯಲ್ಲಿ ನಡೆದ ವೃತ್ತವಿಲಾಸನ ‘ಧರ್ಮಪರೀಕ್ಷೆ’ ಇವುಗಳ ವಿಧಾನ ಅದೇ. ಮನೋವೇಗನು ಅಸಂಬದ್ಧ ಕಥೆಗಳನ್ನು ಹೇಳಿ, ನಂಬದವರಿಗೆ ನಿಮ್ಮ ಪುರಾಣದಲ್ಲಿಯೂ ಇದೇ ಇದೆಯಲ್ಲ ಎಂದು ಬಾಯಿ ಮುಚ್ಚಿಸುತ್ತಾನೆ. ವಿನೋದವಾಗಿ ಓದಿಸಿಕೊಳ್ಳುವ ಕಾವ್ಯವೇನೋ ಹೌದು. ಆದರೆ ಪರರ ಕಥೆಯನ್ನು ಪರಿಹಾಸಕ್ಕಾಗಿ ಓದುವವನು ಅದರ ಒಳಗನ್ನು ಓದಲಾರ.

ಕಥೆಗೂ ದೋಷಕ್ಕೂ ಒಂದು ನಂಟಿದೆ. ಕ್ರಿಯೆ, ಬಯಕೆ, ಬದಲಾವಣೆಗಳಿಲ್ಲದೆ ಕಥೆಯಿಲ್ಲ. ಪರಿಪೂರ್ಣನಿಗೆ ಬಯಕೆಯಿಲ್ಲ. ಪರಿಪೂರ್ಣನಿಗೆ ಸೃಷ್ಟಿಸುವ ಇಚ್ಛೆಯೇ ಏಕೆ ಹುಟ್ಟಬೇಕೆಂದು 9ನೆಯ ಶತಮಾನದ ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ಕೇಳಿದ ಪ್ರಶ್ನೆಯ ಹಿಂದೆಯೂ ಈ ವಿವೇಕವಿದೆ. ಆದರೂ ಅವರು ಪುರಾಣ ಬರೆದರು, 941ರಲ್ಲಿ ಪಂಪನು ಅದನ್ನು ಕನ್ನಡದಲ್ಲಿ ಕಾವ್ಯವಾಗಿಸಿದ. ಹೇಗೆ ಸಾಧ್ಯವಾಯಿತು? ಭವಾವಳಿಯಿಂದ. ಸ್ವಯಂಪ್ರಭೆಗಾಗಿ ಹಂಬಲಿಸುವ ಲಲಿತಾಂಗನೂ, ಶ್ರೀಮತಿಯೊಡನೆ ಧೂಪದ ಹೊಗೆಗೆ ಉಸಿರುಕಟ್ಟಿ ಸಾಯುವ ವಜ್ರಜಂಘನೂ ಮುಂದೆ ವೃಷಭನಾಥನಾಗುವ ಜೀವವೇ. ಮಹಾವೀರನ ಜೀವವೂ ಒಮ್ಮೆ ಮದದಿಂದ ದಾರಿತಪ್ಪಿದ ಮರೀಚಿಯಾಗಿತ್ತು. ನಾವು ದೋಷಗಳನ್ನೆಲ್ಲ ಹಿಂದಿನ ಭವಗಳಿಗೆ ಹಂಚಿ, ಕೊನೆಯ ಭವವನ್ನು ನಿರ್ಮಲವಾಗಿ ಉಳಿಸಿಕೊಂಡೆವು. ಬೈಬಲಿನ ದೇವರಿಗೆ ಹಿಂದಿನ ಭವವಿಲ್ಲ. ಕಥೆಗೆ ಬೇಕಾದ ಬಯಕೆ, ಕೋಪ, ನಿರಾಶೆ, ಮರುಕ ಎಲ್ಲವನ್ನೂ ಅವನೊಬ್ಬನೇ ಹೊರಬೇಕಾಯಿತು.

ಹಾಗೆಂದು ನಮ್ಮ ಬಸದಿಗಳು ಪೂರ್ಣ ವೀತರಾಗವೆಂದು ಹೇಳಲು ಧೈರ್ಯ ಸಾಲದು. ಸಿದ್ದಾಪುರ ತಾಲೂಕಿನ ಬಿಳಗಿಯ ರತ್ನತ್ರಯ ಬಸದಿಯಂಥ ಹಳೆಯ ಬಸದಿಯ ಮೌನದಲ್ಲಿ ನಿಂತಾಗ ರಾಗದ್ವೇಷರಹಿತವಾದ ಒಂದು ಸನ್ನಿಧಿಯ ಅನುಭವವಾಗುತ್ತದೆ, ನಿಜ. ಆದರೆ ಕಷ್ಟ ಬಂದಾಗ ನಮ್ಮ ಜನ ಹೆಚ್ಚು ಹೊತ್ತು ನಿಲ್ಲುವುದು ಪದ್ಮಾವತಿಯ ಮುಂದೆ, ಕ್ಷೇತ್ರಪಾಲನ ಮುಂದೆ. ಒಲಿಯುವ, ಮುನಿಯುವ, ಹರಕೆ ಕೇಳುವ ಶಕ್ತಿಗಳನ್ನು ಗರ್ಭಗೃಹದಿಂದ ಹೊರಗಿಟ್ಟು ಪಕ್ಕದ ಗುಡಿಯಲ್ಲಿ ಕೂರಿಸಿದ್ದೇವೆ. ಮನುಷ್ಯನಿಗೆ ತನ್ನ ಅಳಲನ್ನು ಕೇಳಿ ಕಲಕುವ ದೇವರು ಬೇಕು.

ಯಲ್ಲಾಪುರ, ಹಳಿಯಾಳದ ಕಡೆಯ ಕಾಡಿನೂರುಗಳಲ್ಲಿ ಸಿದ್ದಿ ಜನಾಂಗವಿದೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯೆಂದು ಇತಿಹಾಸಕಾರರು ಗುರುತಿಸುವ ಈ ಸಮುದಾಯದಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಇವರಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆತದ್ದು 2003ರಲ್ಲಿ. ಅವರ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ದಾಸ್ಯದಲ್ಲಿದ್ದವರ ಗೋಳನ್ನು ಕೇಳಿ ಕೋಪಗೊಂಡು ಇಳಿದುಬರುವ ವಿಮೋಚನಕಾಂಡದ ದೇವರನ್ನು, ಗುಲಾಮಗಿರಿಯ ನೆನಪಿರುವ ಮನೆಯೊಂದರಲ್ಲಿ ಕುಳಿತು ಓದಿದರೆ, ಆ ಕೋಪ ದೋಷವಾಗಿ ಕಾಣುವುದೇ? ಅದು ಭರವಸೆಯಾಗಿ ಕಾಣಬಹುದು. ಹಾಗಿದ್ದೂ ಅದೇ ಗ್ರಂಥ ಹೇಳುವಂತೆ ಆ ರಾತ್ರಿ ಸತ್ತವರು ಫರೋಹನ ಮಗನೊಬ್ಬನೇ ಅಲ್ಲ. ಸೆರೆಮನೆಯಲ್ಲಿದ್ದವನ ಚೊಚ್ಚಲ ಮಗನೂ, ಪಶುಗಳ ಚೊಚ್ಚಲ ಮರಿಗಳೂ ಸತ್ತವು. ಗುಲಾಮನಿಗಾಗಿ ಎದ್ದ ಕೋಪ ಸೆರೆಯಾಳಿನ ಮಗನನ್ನೂ ಬಿಡಲಿಲ್ಲ. ದ್ವೇಷವನ್ನು ದೋಷಗಳ ಸಾಲಿನಲ್ಲಿಟ್ಟ ನಮ್ಮ ಆಚಾರ್ಯರ ವಿವೇಕ ಇಲ್ಲಿ ಮತ್ತೆ ಸಮರ್ಥವೆನಿಸುತ್ತದೆ.

ಯೋಬನ ಗ್ರಂಥವು ನಮಗೂ ಒಂದು ಎಚ್ಚರಿಕೆ ಕೊಡುತ್ತದೆ. ನಿರಪರಾಧಿ ಯೋಬನು ಕಷ್ಟದಲ್ಲಿ ಬಿದ್ದಾಗ, ನೀನು ಏನೋ ಪಾಪ ಮಾಡಿರಬೇಕೆಂದು ಅವನ ಮಿತ್ರರು ವಾದಿಸುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು, ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಆ ಮಿತ್ರರ ಮೇಲೆ. ಕರ್ಮಸಿದ್ಧಾಂತವನ್ನು ಸ್ವಂತ ಆತ್ಮಶೋಧನೆಗೆ ಬಳಸಿದರೆ ಅದು ಧರ್ಮ. ನೊಂದವನ ಮುಖಕ್ಕೆ ಎರಚಿದರೆ ಯೋಬನ ಮಿತ್ರರ ಮಾತಾಗುತ್ತದೆ. ಅಂಥ ಮಾತನ್ನು ನಾವು ಆಡಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ನನ್ನ ನಿಲುವು ಇಷ್ಟು. ಬೈಬಲಿನ ದೇವರ ಚಿತ್ರದಲ್ಲಿ ಮಾನುಷ ದೋಷಗಳಿವೆ. ಅವು ದೇವರ ಗುಣಗಳಲ್ಲ, ಚಿತ್ರಿಸಿದ ಜನರ ಕೈಗುರುತುಗಳು. ಆ ಗ್ರಂಥದ ಎಲ್ಲ ವಾಕ್ಯಗಳೂ ಸಮಾನ ಪ್ರಮಾಣವೆಂದು ಒಪ್ಪಲಾಗದು; ಹಿಂಸೆಯ ಆಜ್ಞೆಗಳನ್ನು ಅಪ್ರಮಾಣವೆಂದು ಕ್ರೈಸ್ತ ಮಿತ್ರರು ಬಾಯಿಬಿಟ್ಟು ಹೇಳಿದರೆ ಅದರಿಂದ ಅವರ ಧರ್ಮಕ್ಕೆ ಹಾನಿಯಿಲ್ಲ, ಹೋಶೇಯ ಯೆಹೆಜ್ಕೇಲರು ಆ ದಾರಿಯನ್ನು ಆಗಲೇ ತೋರಿಸಿದ್ದಾರೆ. ಈ ಪರೀಕ್ಷೆಯನ್ನು ಮಾಡುವ ನಾವು ನಮ್ಮ ಹೊಣೆಯನ್ನೂ ಮರೆಯಬಾರದು. ನಮ್ಮ ಜಿನನು ಯಾರ ಮೊರೆಗೂ ಇಳಿದುಬರುವುದಿಲ್ಲ, ಯಾರ ಮೇಲೂ ಕೋಪಿಸುವುದಿಲ್ಲ. ಹಾಗಿರುವಾಗ ನೊಂದವನ ಬಳಿಗೆ ಹೋಗಬೇಕಾದವನು ಶ್ರಾವಕನೇ. ಅಭಯದಾನವನ್ನು ಶ್ರಾವಕನ ದಾನಗಳಲ್ಲಿ ಎಣಿಸಿರುವುದು ಇದಕ್ಕಾಗಿಯೇ. ದೇವರನ್ನು ವೀತರಾಗನೆಂದು ಹೊಗಳಿ, ನೆರೆಯವನ ಅಳಲಿಗೆ ತಾನೂ ವೀತರಾಗನಂತೆ ಕುಳಿತ ಶ್ರಾವಕನಿಗಿಂತ, ಸಿಟ್ಟಾಗುವ ದೇವರನ್ನು ನಂಬಿ ನೆರೆಯವನ ಮನೆಗೆ ಓಡಿಹೋದವನೇ ಮೇಲು.